ಪಾಪ, ಅವಳಿಗೆ ಲೆಕ್ಕ ಹತ್ತುವುದಿಲ್ಲ!

ನಮ್ಮ ಮನೆಗಳಲ್ಲಿ ಬಹಳ ಸಲೀಸಾಗಿ ಬಾಯಿಗೆ ಬರುವ ಒಂದು ಪುಟ್ಟ ಮಾತಿನ ಮೇಲೆ ನನಗೆ ಬಹಳ ಕಾಲದಿಂದ ಸಿಟ್ಟಿದೆ. 'ಪಾಪ' ಎಂಬ ಮಾತು ಅದು. ಬಿದ್ದ ಮಗುವನ್ನು ಎತ್ತಿಕೊಳ್ಳುವಾಗ, ಗಂಡನ ಮನೆಯಲ್ಲಿ ನೊಂದವಳ ಸುದ್ದಿ ಕೇಳಿದಾಗ ಈ ಮಾತು ಬಂದರೆ ನನ್ನದೇನೂ ತಕರಾರಿಲ್ಲ. ಆದರೆ ಒಂಬತ್ತನೆಯ ತರಗತಿಯ ಹುಡುಗಿಯ ಮಾರ್ಕ್ಸ್ ಕಾರ್ಡನ್ನು ಕೈಯಲ್ಲಿ ಹಿಡಿದು, ಅವಳ ಎದುರಿಗೇ "ಪಾಪ, ಅವಳಿಗೆ ಲೆಕ್ಕ ಹತ್ತುವುದಿಲ್ಲ" ಎನ್ನುವಾಗ ಬರುವ ಪಾಪ ಇದೆಯಲ್ಲ, ಅದು ಕರುಣೆಯ ಸೀರೆ ಉಟ್ಟುಕೊಂಡು ಬಂದ ತೀರ್ಪು. ಅಪೀಲಿಗೆ ಅವಕಾಶವಿಲ್ಲದ ತೀರ್ಪು.

ನಾನು ಗಣಿತದ ಟೀಚರಲ್ಲ. ಬಿ.ಎ., ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಕನ್ನಡ ಮತ್ತು ಸಮಾಜ ಹೇಳಿಕೊಡುವವಳು. "ನಿಮಗ್ಯಾಕೆ ಮೇಡಂ ಗಣಿತದ ಉಸಾಬರಿ?" ಎಂದು ಕೇಳುವವರಿದ್ದಾರೆ. ಕ್ಲಾಸ್ ಟೀಚರಾದವಳ ಕೈಗೆ ಎಲ್ಲ ವಿಷಯಗಳ ಅಂಕಗಳೂ ಬರುತ್ತವೆ, ಎಲ್ಲ ಮಕ್ಕಳ ಕಣ್ಣೀರೂ ಬರುತ್ತದೆ. ಅದೂ ಅಲ್ಲದೆ, ಗಣಿತದ ಪರೀಕ್ಷೆಯ ದಿನ ಗಣಿತದವರನ್ನು ಕೊಠಡಿಗೆ ಹಾಕುವುದಿಲ್ಲ, ನಮ್ಮಂಥವರನ್ನು ಹಾಕುತ್ತಾರೆ. ಆ ಮೂರು ಗಂಟೆ ಬಾಗಿಲ ಬಳಿ ನಿಂತು ನೋಡುವವಳಿಗೆ ಕಾಣುವುದು ಲೆಕ್ಕವಲ್ಲ, ಲೆಕ್ಕ ಮಾಡುವವರ ಮುಖ. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೆ ಹುಡುಗಿಯರಲ್ಲಿ ಕೆಲವರು ಅದನ್ನು ಓದುವ ಮೊದಲೇ ಕರವಸ್ತ್ರ ಹಿಂಡುತ್ತಾರೆ. ನಿನ್ನೆ ಸಂಜೆ ಗೆಳತಿಗೆ ಹೇಳಿಕೊಟ್ಟ ಲೆಕ್ಕವನ್ನೇ ಇವತ್ತು ಮೂರು ಸಲ ಬರೆದು ಮೂರು ಸಲ ಹೊಡೆದುಹಾಕುತ್ತಾರೆ. ಹಿಂದಿನ ಬೆಂಚಿನ ಹುಡುಗ ಏನೂ ಓದಿರುವುದಿಲ್ಲ, ಆದರೂ ಏನೋ ಒಂದು ಗೀಚುತ್ತಿರುತ್ತಾನೆ. ತಪ್ಪಾದರೆ ತಪ್ಪಾಗಲಿ ಎಂಬ ಧೈರ್ಯ ಅವನಿಗೆ ಯಾರು ಕೊಟ್ಟರು? ಇವಳಿಂದ ಯಾರು ಕಿತ್ತುಕೊಂಡರು?

ಪೋಷಕರ ಸಭೆಯಲ್ಲಿ ನಾನು ಕೇಳಿದ ಎರಡು ಮಾತು ಹೇಳುತ್ತೇನೆ. ಒಬ್ಬ ತಾಯಿಯ ಮಗ ಹತ್ತನೆಯ ತರಗತಿ, ಮಗಳು ಎಂಟು. ಇಬ್ಬರಿಗೂ ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಹೆಚ್ಚುಕಡಿಮೆ ಒಂದೇ ಅಂಕ, ನಲವತ್ತರ ಆಚೀಚೆ. ಮಗನ ಕಾರ್ಡು ನೋಡಿ ಆಕೆ ಹೇಳಿದ್ದು: "ಇವನಿಗೆ ಬುದ್ಧಿ ಏನೂ ಕಮ್ಮಿ ಇಲ್ಲ ಮೇಡಂ, ಓದೋದಿಲ್ಲ ಅಷ್ಟೆ. ಸ್ವಲ್ಪ ಗದರಿಸಿ." ಮಗಳ ಕಾರ್ಡು ನೋಡಿ ಹೇಳಿದ್ದು: "ಇವಳು ಪಾಪ, ರಾತ್ರಿ ಹತ್ತರವರೆಗೂ ಕೂತಿರ್ತಾಳೆ. ಲೆಕ್ಕ ತಲೆಗೆ ಹತ್ತೋದಿಲ್ಲ. ನನ್ನ ಹಾಗೇನೇ." ಅಂಕ ಒಂದೇ, ಅರ್ಥ ಎರಡು. ಮಗನಿಗೆ ಬೈಗುಳ ಸಿಕ್ಕಿತು, ಆದರೆ ಆ ಬೈಗುಳದ ಒಳಗೆ ಒಂದು ನಂಬಿಕೆ ಇತ್ತು: ನೀನು ಮನಸ್ಸು ಮಾಡಿದರೆ ಆಗುತ್ತದೆ. ಮಗಳಿಗೆ ಪ್ರೀತಿ ಸಿಕ್ಕಿತು, ಆ ಪ್ರೀತಿಯ ಒಳಗೆ ಒಂದು ಬೀಗ ಇತ್ತು: ನೀನು ಎಷ್ಟು ಓದಿದರೂ ಅಷ್ಟೆ.

ಅಂಕ ಚೆನ್ನಾಗಿ ಬಂದಾಗಲಾದರೂ ನ್ಯಾಯ ಸಿಗುತ್ತದೆಯೆ? ಅದೂ ಇಲ್ಲ. ಹುಡುಗನಿಗೆ ತೊಂಬತ್ತು ಬಂದರೆ "ಬಲು ಚುರುಕು." ಹುಡುಗಿಗೆ ತೊಂಬತ್ತು ಬಂದರೆ "ಬಹಳ ಕಷ್ಟಪಡ್ತಾಳೆ," ಇಲ್ಲವೆ "ಉರು ಹೊಡೀತಾಳೆ." ಅವನ ಗೆಲುವು ಬುದ್ಧಿಯ ಖಾತೆಗೆ, ಸೋಲು ಸೋಮಾರಿತನದ ಖಾತೆಗೆ. ಅವಳ ಗೆಲುವು ಬೆವರಿನ ಖಾತೆಗೆ, ಸೋಲು ಬುದ್ಧಿಯ ಖಾತೆಗೆ. ಇದಕ್ಕಿಂತ ಮೋಸದ ಜಮಾಖರ್ಚಿನ ಪುಸ್ತಕ ಯಾವ ಸಾಹುಕಾರನ ಅಂಗಡಿಯಲ್ಲೂ ಇರಲಾರದು. ಇದು ನಮ್ಮ ಊರಿನ ಹಣೆಬರಹ ಮಾತ್ರವೂ ಅಲ್ಲ. 1988ರಲ್ಲಿ ಡೋರಿಸ್ ಯೀ ಮತ್ತು ಜಾಕ್ವೆಲಿನ್ ಎಕಲ್ಸ್ ಎಂಬ ಇಬ್ಬರು ಹೆಣ್ಣುಮಕ್ಕಳು ಅಮೆರಿಕದ ತಂದೆತಾಯಿಗಳನ್ನು ಮಾತಾಡಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಇದೆ. ಗಣಿತದಲ್ಲಿ ಗೆದ್ದ ಮಗನಿಗೆ ಪ್ರತಿಭೆಯ ಕೀರ್ತಿ, ಗೆದ್ದ ಮಗಳಿಗೆ ಶ್ರಮದ ಕೀರ್ತಿ. ಸಮುದ್ರದಾಚೆಯ ತಾಯಂದಿರೂ ನಮ್ಮ ತಾಯಂದಿರೂ ಒಂದೇ ಪುಸ್ತಕದಲ್ಲಿ ಲೆಕ್ಕ ಬರೆಯುತ್ತಿದ್ದಾರೆ.

"ಮಾತಿನಿಂದ ಏನಾಗುತ್ತೆ ಮೇಡಂ, ಬರುವವರಿಗೆ ಬಂದೇ ಬರುತ್ತೆ" ಎನ್ನುವವರು ಸ್ವಲ್ಪ ಕೇಳಬೇಕು. ಲೆಕ್ಕ ಮಾಡುವಾಗ ನಮ್ಮ ತಲೆಯೊಳಗೆ ಒಂದು ಚಿಕ್ಕ ಸ್ಲೇಟು ಇರುತ್ತದೆ ಎಂದುಕೊಳ್ಳಿ. ದಶಕ ಎಷ್ಟು, ಮುಂದಿನ ಹಂತ ಏನು, ಚಿಹ್ನೆ ಕೂಡಿಸುವುದೋ ಕಳೆಯುವುದೋ, ಎಲ್ಲವನ್ನೂ ಆ ಸ್ಲೇಟಿನ ಮೇಲೆ ಹಿಡಿದಿಟ್ಟುಕೊಂಡೇ ಮುಂದೆ ಹೋಗಬೇಕು. ಭಯ ಬಂದಾಗ ಅರ್ಧ ಸ್ಲೇಟಿನ ತುಂಬ ಭಯವೇ ಬರೆದುಕೊಂಡು ಕೂರುತ್ತದೆ. "ನನಗೆ ಬರುವುದಿಲ್ಲ, ಅಮ್ಮ ಏನನ್ನುತ್ತಾರೆ, ಎಲ್ಲರೂ ಮುಗಿಸಿಬಿಟ್ಟರು." ಲೆಕ್ಕಕ್ಕೆ ಉಳಿಯುವುದು ಒಂದು ಮೂಲೆ. ಗೊತ್ತಿರುವ ಲೆಕ್ಕವೂ ಅಲ್ಲಿ ಹಿಡಿಸುವುದಿಲ್ಲ. ಮನಶ್ಶಾಸ್ತ್ರಜ್ಞರು ಪ್ರಯೋಗಗಳಲ್ಲಿ ತೋರಿಸಿರುವ ಸಂಗತಿ ಇದು. ಹಾಗೆ ತಪ್ಪಾದ ಲೆಕ್ಕಕ್ಕೆ ಕಡಿಮೆ ಅಂಕ, ಕಡಿಮೆ ಅಂಕಕ್ಕೆ ಮತ್ತೊಂದು 'ಪಾಪ', ಆ ಪಾಪಕ್ಕೆ ಇನ್ನಷ್ಟು ಭಯ. ಎತ್ತು ಗಾಣ ಸುತ್ತಿದ ಹಾಗೆ.

ಈ ಭಯ ಶಾಲೆಯಿಂದಲೂ ಬರುತ್ತದೆ, ಅದನ್ನು ನಾವು ಶಿಕ್ಷಕಿಯರು ಮುಚ್ಚಿಡಬಾರದು. ಸಿಯಾನ್ ಬೈಲಾಕ್ ಮತ್ತು ಜೊತೆಯವರು 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನ್ನನ್ನು ಬಹಳ ದಿನ ಕಾಡಿತು. ಅಮೆರಿಕದಲ್ಲಿ ಒಂದನೆಯ ಮತ್ತು ಎರಡನೆಯ ತರಗತಿಗಳಿಗೆ ಕಲಿಸುವ 17 ಶಿಕ್ಷಕಿಯರು, ಅವರ 117 ಮಕ್ಕಳು. ವರ್ಷದ ಆರಂಭದಲ್ಲಿ ಟೀಚರ ಗಣಿತದ ಭಯಕ್ಕೂ ಮಕ್ಕಳ ಗಣಿತಕ್ಕೂ ಏನೂ ಸಂಬಂಧವಿರಲಿಲ್ಲ. ವರ್ಷದ ಕೊನೆಗೆ, ಗಣಿತಕ್ಕೆ ಅಂಜುವ ಟೀಚರ ತರಗತಿಯ ಹುಡುಗಿಯರಲ್ಲಿ 'ಲೆಕ್ಕ ಹುಡುಗರದ್ದು, ಓದು ಹುಡುಗಿಯರದ್ದು' ಎಂಬ ನಂಬಿಕೆ ಹೆಚ್ಚಾಗಿ ಕಂಡಿತು. ಹಾಗೆ ನಂಬಿದ ಹುಡುಗಿಯರೇ ಗಣಿತದಲ್ಲಿ ಹಿಂದೆ ಬಿದ್ದಿದ್ದರು. ಹುಡುಗರಿಗೆ ಅದು ತಾಗಲಿಲ್ಲ. ಯಾರೂ ಪಾಠ ಮಾಡಿ ಕಲಿಸಿದ ಭಯವಲ್ಲ ಅದು. ಆರೇಳು ವರ್ಷದ ಹೆಣ್ಣುಮಗು ತನ್ನ ಟೀಚರ ಮುಖ ನೋಡಿಯೇ ಕಲಿತದ್ದು. ತಾಯಿಯ ಮುಖ ನೋಡಿ ಇನ್ನೆಷ್ಟು ಕಲಿಯುವುದಿಲ್ಲ!

ಇನ್ನು "ಅದು ಹುಟ್ಟುಗುಣ, ಹೆಣ್ಣಿನ ತಲೆಯೇ ಹಾಗೆ" ಎಂಬ ಪಂಡಿತರು. ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎಂದ ಹಳೆಯ ಗಾದೆಗೆ ಇವರು ಇಂಗ್ಲಿಷ್ ಪ್ಯಾಂಟು ತೊಡಿಸಿದ್ದಾರೆ, ಅಷ್ಟೆ. 2008ರಲ್ಲಿ ಜಾನೆಟ್ ಹೈಡ್ ಮತ್ತು ಸಂಗಡಿಗರು ಅಮೆರಿಕದ ಎರಡನೆಯ ತರಗತಿಯಿಂದ ಹನ್ನೊಂದನೆಯ ತರಗತಿಯವರೆಗಿನ 70 ಲಕ್ಷಕ್ಕೂ ಹೆಚ್ಚು ಮಕ್ಕಳ ಗಣಿತದ ಅಂಕಗಳನ್ನು ಹೋಲಿಸಿ ನೋಡಿದರು. ಸರಾಸರಿಯಲ್ಲಿ ಹುಡುಗ ಹುಡುಗಿಯರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಹದಿನೈದರ ಮಕ್ಕಳಿಗೆ ಅನೇಕ ದೇಶಗಳಲ್ಲಿ ನಡೆಸುವ ಪೀಸಾ ಎಂಬ ಪರೀಕ್ಷೆ ಇದೆ. 2012ರ ಸುತ್ತಿನಲ್ಲಿ ಬಹಳಷ್ಟು ದೇಶಗಳಲ್ಲಿ ಹುಡುಗರು ತುಸು ಮುಂದಿದ್ದರು, ನಿಜ. ಆದರೆ ಐಸ್‌ಲ್ಯಾಂಡ್, ಜೋರ್ಡಾನ್, ಥಾಯ್ಲೆಂಡ್‌ಗಳಲ್ಲಿ ಹುಡುಗಿಯರೇ ಮುಂದಿದ್ದರು. ಹುಟ್ಟುಗುಣವಾಗಿದ್ದರೆ ಗಡಿ ದಾಟಿದ ಕೂಡಲೆ ಬದಲಾಗುತ್ತಿತ್ತೆ? ಅದೇ ಅಂಕಿಅಂಶಗಳನ್ನು ಇನ್ನಷ್ಟು ಶೋಧಿಸಿದಾಗ ಕಂಡದ್ದು ಇದು: ಗಣಿತದ ಬಗ್ಗೆ ಒಂದೇ ಮಟ್ಟದ ಆತ್ಮವಿಶ್ವಾಸ, ಒಂದೇ ಮಟ್ಟದ ಅಂಜಿಕೆ ಇರುವ ಹುಡುಗ ಹುಡುಗಿಯರನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಆ ಅಂತರ ಮಾಯವಾಗುತ್ತದೆ.

ನಮ್ಮದೇ ನಾಡಿನ ಲೆಕ್ಕ ನೋಡಿ. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹುಡುಗಿಯರು ಶೇಕಡಾ 81ರಷ್ಟು ಪಾಸಾದರು, ಹುಡುಗರು ಶೇಕಡಾ 66ರಷ್ಟು. ಹುಡುಗಿಯರು ಮೇಲುಗೈ ಎಂಬ ತಲೆಬರಹ ಪತ್ರಿಕೆಯಲ್ಲಿ ವರ್ಷ ವರ್ಷವೂ ಬರುತ್ತದೆ. ಆ ಪರೀಕ್ಷೆಯಲ್ಲಿ ಗಣಿತವೂ ಒಂದು ವಿಷಯ ತಾನೆ? ಅಷ್ಟು ಹುಡುಗಿಯರು ಅದನ್ನು ದಾಟಿಯೇ ಪಾಸಾದದ್ದು ತಾನೆ? ಆದರೂ ಜೂನ್ ಬಂದು ಪಿ.ಯು.ಸಿ. ಅರ್ಜಿ ತುಂಬುವಾಗ ಅದೇ ಹುಡುಗಿ ಬಂದು "ಮಿಸ್, ನನಗೆ ಗಣಿತ ಬೇಡ, ಅದರ ಬದಲು ಗೃಹವಿಜ್ಞಾನ ಇರೋ ಕಾಲೇಜು ಯಾವುದು?" ಎಂದು ಕೇಳುತ್ತಾಳೆ. ಗೃಹವಿಜ್ಞಾನ ಇಷ್ಟವಿದ್ದು ತೆಗೆದುಕೊಂಡರೆ ಸಂತೋಷ. ಎಂಬತ್ತು ಅಂಕ ಇಟ್ಟುಕೊಂಡು ಓಡಿಹೋಗಿ ಅದರ ಹಿಂದೆ ಅಡಗಿಕೊಂಡರೆ ನನ್ನ ಹೊಟ್ಟೆ ಉರಿಯುತ್ತದೆ.

ಒಂದು ಕಾಲಕ್ಕೆ ಹುಡುಗಿಯರಿಗೆ ಬೇರೆ ಪಾಠ, ಹುಡುಗರಿಗೆ ಬೇರೆ ಪಾಠ ಎಂಬ ವಾದ ಸರ್ಕಾರದ ಮಟ್ಟದಲ್ಲೇ ಇತ್ತು. 1964-66ರ ಕೊಠಾರಿ ಆಯೋಗ ಅದನ್ನು ಒಪ್ಪದೆ, ಮೊದಲ ಹತ್ತು ವರ್ಷದ ಶಿಕ್ಷಣದಲ್ಲಿ ಗಣಿತ ಮತ್ತು ವಿಜ್ಞಾನ ಎಲ್ಲ ಮಕ್ಕಳಿಗೂ ಕಡ್ಡಾಯವಾಗಬೇಕು ಎಂದಿತು. ಕಾಗದದ ಮೇಲೆ ಬಾಗಿಲು ತೆರೆಯಿತು. ತೆರೆದ ಬಾಗಿಲಿಗೆ ನಾಲಗೆಯಿಂದ ಅಗುಳಿ ಹಾಕುತ್ತಿರುವವರು ನಾವು.

ಎಷ್ಟೋ ಸಲ ನಂಬಿಕೆ ಹುಟ್ಟುವುದು ಸೌಕರ್ಯ ಇಲ್ಲದ ಕಡೆ. ನಾನು ಓದುವ ಕಾಲಕ್ಕೆ ನಮ್ಮ ಊರಿನ ಕಾಲೇಜಿನಲ್ಲಿ ಕಲೆ ಮತ್ತು ವಾಣಿಜ್ಯ ಮಾತ್ರ ಇದ್ದವು. ವಿಜ್ಞಾನ ಬೇಕೆಂದರೆ ಬೆಳಗಿನ ಬಸ್ಸು ಹತ್ತಿ ಹೋಗಿ ಕತ್ತಲಾದ ಮೇಲೆ ಬರಬೇಕು. ಗಂಡುಮಕ್ಕಳು ಬಸ್ಸು ಹತ್ತಿದರು. ನಾವು ಬಿ.ಎ. ಓದಿದೆವು. ಆ ಬಸ್ಸಿಗೂ ಬುದ್ಧಿಗೂ ಏನು ಸಂಬಂಧ? ಆದರೆ ಹತ್ತು ವರ್ಷ ಕಳೆದ ಮೇಲೆ ಊರಿನವರು ಆಡಿಕೊಂಡದ್ದು, "ನಮ್ಮೂರ ಹುಡುಗಿಯರಿಗೆ ಸೈನ್ಸು ಆಗಿಬರೋದಿಲ್ಲ." ಇವತ್ತಿಗೂ ಸಂಜೆ ಏಳರ ಟ್ಯೂಷನ್ನಿಗೆ ಮಗನನ್ನು ಕಳಿಸುತ್ತೇವೆ, ಮಗಳನ್ನು ಕಳಿಸಲು ಹೆದರುತ್ತೇವೆ. ಮುಟ್ಟಿನ ದಿನಗಳಲ್ಲಿ ಶಾಲೆಯ ಶೌಚಾಲಯಕ್ಕೆ ಅಂಜಿ ಹುಡುಗಿ ಎರಡು ಮೂರು ದಿನ ಬರುವುದಿಲ್ಲ. ನನ್ನ ಕನ್ನಡ ಪಾಠದಲ್ಲಿ ಒಂದು ಪದ್ಯ ತಪ್ಪಿದರೆ ಮುಂದಿನ ಪದ್ಯ ಅರ್ಥವಾಗುತ್ತದೆ. ಗಣಿತ ಹಾಗಲ್ಲ, ಅದು ಸರಪಳಿ. ಎಂಟನೆಯ ತರಗತಿಯಲ್ಲಿ ಬೀಜಗಣಿತದ ಒಂದು ಕೊಂಡಿ ಕಳಚಿದರೆ ಹತ್ತನೆಯ ತರಗತಿಯವರೆಗೂ ಅದು ಕಾಡುತ್ತದೆ. ಕಳಚಿದ ಕೊಂಡಿ ಯಾವುದು ಎಂದು ಹುಡುಕಲು ಅರ್ಧ ಗಂಟೆ ಬೇಕು. "ಪಾಪ" ಎನ್ನಲು ಅರೆ ನಿಮಿಷ ಸಾಕು. ನಾವು ಅರೆ ನಿಮಿಷದ ದಾರಿ ಹಿಡಿದಿದ್ದೇವೆ.

ಮತ್ತೊಂದು ರೋಗ ನಮ್ಮ ಹೊಗಳಿಕೆಯದು. ಶಕುಂತಲಾ ದೇವಿ ನಮ್ಮ ಬೆಂಗಳೂರಿನವರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಮನಸ್ಸಿನಲ್ಲೇ ಗುಣಿಸಿ ಹೇಳಿದರು. ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಆ ಕಥೆ ಕೇಳಿದ ಹುಡುಗಿಗೆ ಅನ್ನಿಸುವುದೇನು? ಗಣಿತ ಎಂದರೆ ಪವಾಡ, ಅದು ದೇವರು ಕೊಟ್ಟವರಿಗೆ, ನನಗೆ ಕೊಟ್ಟಿಲ್ಲ. ನಾನಾದರೆ ಇರಾನಿನ ಮರಿಯಂ ಮಿರ್ಜಾಖಾನಿಯ ಕಥೆ ಹೇಳುತ್ತೇನೆ. ಟೆಹರಾನಿನ ಮಾಧ್ಯಮಿಕ ಶಾಲೆಯಲ್ಲಿ ಮೊದಲ ವರ್ಷ ಆಕೆಗೆ ಗಣಿತ ಅಷ್ಟಕ್ಕಷ್ಟೇ ಆಗಿತ್ತು. ಆಗಿನ ಟೀಚರಿಗೆ ಈ ಹುಡುಗಿಯಲ್ಲಿ ವಿಶೇಷವೇನೂ ಕಾಣಲಿಲ್ಲ, ಹುಡುಗಿಯ ಧೈರ್ಯವೂ ಕುಸಿಯಿತು. ಮರುವರ್ಷ ಬಂದ ಟೀಚರು ಹುರಿದುಂಬಿಸಿದರು, ಗಣಿತವೂ ಸುಧಾರಿಸಿತು. ಅದೇ ಹುಡುಗಿ 2014ರಲ್ಲಿ, ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆಯಾದಳು. ಹುಡುಗಿ ಬದಲಾಗಿರಲಿಲ್ಲ, ತಲೆ ಬದಲಾಗಿರಲಿಲ್ಲ. ಟೀಚರು ಬದಲಾಗಿದ್ದರು.

ನಮ್ಮ ಲೀಲಾವತಿಯ ಕಥೆಯನ್ನೂ ನೆನೆಸಿಕೊಳ್ಳಿ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಗಣಿತದ ಗ್ರಂಥಕ್ಕೆ ಆ ಹೆಸರು. ಮಗಳ ಮದುವೆಯ ಮುಹೂರ್ತ ನೋಡಲು ಇಟ್ಟ ಗಳಿಗೆ ಬಟ್ಟಲಿಗೆ ಅವಳ ಮೂಗುತಿಯ ಮುತ್ತೋ ಉಡುಪಿನ ಮುತ್ತೋ ಬಿದ್ದು, ನೀರು ನಿಂತು, ಮುಹೂರ್ತ ತಪ್ಪಿತಂತೆ. ಮದುವೆ ತಪ್ಪಿದ ಮಗಳ ಸಮಾಧಾನಕ್ಕೆ ತಂದೆ ಆ ಪುಸ್ತಕಕ್ಕೆ ಅವಳ ಹೆಸರಿಟ್ಟರಂತೆ. 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಮಾಡಿದ ಪರ್ಷಿಯನ್ ಅನುವಾದದೊಂದಿಗೆ ಬಂದ ಕಥೆ ಇದು, ಭಾಸ್ಕರರ ಗ್ರಂಥದಲ್ಲಿ ಇಲ್ಲ. ಇದ್ದರೂ ಇಲ್ಲದಿದ್ದರೂ, ನಾವು ಎಂಥ ಕಥೆ ಕಟ್ಟಿದ್ದೇವೆ ನೋಡಿ. ಹೆಣ್ಣಿಗೆ ಗಣಿತ ಸಿಗಬೇಕಾದರೂ ಮೊದಲು ಮದುವೆ ತಪ್ಪಬೇಕು! ಅಲ್ಲಿಯೂ ಒಂದು ಪಾಪ.

ಈ ಸಮಾಧಾನ ಹೇಳುವ ಚಟದ ಬಗ್ಗೆಯೇ 2012ರಲ್ಲಿ ಅನೀತಾ ರತ್ತನ್, ಕ್ಯಾಥರೀನ್ ಗುಡ್ ಮತ್ತು ಕ್ಯಾರಲ್ ಡ್ವೆಕ್ ಒಂದು ಅಧ್ಯಯನ ಪ್ರಕಟಿಸಿದರು. ಗಣಿತದ ಬುದ್ಧಿ ಹುಟ್ಟಿನಿಂದ ಬರುವುದು ಎಂದು ನಂಬುವ ಶಿಕ್ಷಕರು ಒಂದೇ ಒಂದು ಕಡಿಮೆ ಅಂಕ ನೋಡಿದ ಕೂಡಲೆ "ಹೋಗಲಿ ಬಿಡು, ಎಲ್ಲರಿಗೂ ಗಣಿತ ಬರಬೇಕೆಂದಿಲ್ಲ" ಎಂದು ಸಂತೈಸಲು ಹೊರಡುತ್ತಾರೆ, ಹೋಂವರ್ಕೂ ಕಡಿಮೆ ಕೊಡುತ್ತಾರೆ. ಆ ಸಾಂತ್ವನ ಕೇಳಿದ ವಿದ್ಯಾರ್ಥಿಗಳ ಉತ್ಸಾಹ ಹೆಚ್ಚಲಿಲ್ಲ, ಕುಗ್ಗಿತು. ಮುಂದೆ ಬರಬಹುದಾದ ಅಂಕದ ಬಗ್ಗೆ ಅವರ ನಿರೀಕ್ಷೆಯೂ ಇಳಿಯಿತು. ಪ್ರೀತಿಯಿಂದ ಹೇಳಿದ ಮಾತೇ ಕೈಕಾಲು ಕಟ್ಟಿಹಾಕಿತು.

ಹುಡುಗರ ಪಾಡು ಸುಖವೆಂದು ನಾನು ಹೇಳುತ್ತಿಲ್ಲ. ಅವರಿಗೆ ಬೇರೆ ನಮೂನೆಯ ಶಿಕ್ಷೆ. ಗಂಡುಹುಡುಗ ಲೆಕ್ಕಕ್ಕೆ ಅಂಜುತ್ತೇನೆ ಎನ್ನುವ ಹಾಗಿಲ್ಲ. ಅಂದರೆ "ಥೂ, ಗಂಡಸಾಗಿ!" ಆದ್ದರಿಂದ ಅವನು ಭಯವನ್ನು ತುಂಟತನದಲ್ಲಿ ಮುಚ್ಚುತ್ತಾನೆ. ಪುಸ್ತಕ ಮರೆತೆ ಎನ್ನುತ್ತಾನೆ, ಹೊರಗೆ ನಿಲ್ಲಿಸಿದರೆ ಬದುಕಿದೆ ಎಂದುಕೊಳ್ಳುತ್ತಾನೆ. 'ಓದಿದರೆ ಬರುತ್ತದೆ' ಎಂದು ಎಲ್ಲರೂ ಹೇಳುವಾಗ, ಓದಿಯೂ ಬರದಿದ್ದರೆ ಮರ್ಯಾದೆ ಹೋಗುತ್ತದಲ್ಲ, ಅದಕ್ಕೇ ಓದುವುದನ್ನೇ ಬಿಡುತ್ತಾನೆ. ಚಿತ್ರ ಬರೆಯುವ ಕೈಯಿರುವವನನ್ನು ಎಂಜಿನಿಯರಿಂಗಿಗೆ ತಳ್ಳುತ್ತೇವೆ, ಲೆಕ್ಕದಲ್ಲಿ ಚುರುಕಾದವಳನ್ನು ಅಲ್ಲಿಂದ ಎಳೆಯುತ್ತೇವೆ. ಹುಡುಗನಿಗೆ ಅಂಜುವ ಹಕ್ಕಿಲ್ಲ, ಹುಡುಗಿಗೆ ತಪ್ಪುವ ಹಕ್ಕಿಲ್ಲ. ಇಬ್ಬರಿಗೂ ನಷ್ಟ.

ತಪ್ಪುವ ಹಕ್ಕು ಎಂದೆ. ನಮ್ಮ ಹುಡುಗಿಯರ ಗಣಿತದ ನೋಟ್ಸು ತೆಗೆದು ನೋಡಿ, ಮುತ್ತು ಪೋಣಿಸಿದ ಹಾಗೆ ಇರುತ್ತದೆ. ಒಂದು ಕಾಟು ಇರುವುದಿಲ್ಲ. ನಾವೂ "ನೋಡಿ ಎಷ್ಟು ನೀಟು" ಎಂದು ಹೊಗಳುತ್ತೇವೆ. ಆ ನೀಟಿನ ಹಿಂದೆ ಎಷ್ಟು ರಬ್ಬರು ಸವೆದಿದೆಯೋ! ತಪ್ಪು ಹೆಜ್ಜೆ ಅಳಿಸಿಹೋದ ಪುಸ್ತಕದಲ್ಲಿ ಟೀಚರು ಏನು ತಿದ್ದಬೇಕು? ಬಚ್ಚಲು ಕಾಣದ ಮನೆಯನ್ನು ಚೊಕ್ಕಟ ಎಂದ ಹಾಗಾಯಿತು.

"ಇಷ್ಟಕ್ಕೂ ಹುಡುಗಿಗೆ ಲೆಕ್ಕ ಬಂದು ಆಗಬೇಕಾದ್ದೇನು?" ಎಂದು ಈಗಲೂ ಕೇಳುವವರಿಗೆ ಒಂದು ಉತ್ತರ. ಹದಿನಾರಕ್ಕೆ ಗಣಿತ ಬಿಟ್ಟವಳು ಇಪ್ಪತ್ತೆರಡಕ್ಕೆ ಬ್ಯಾಂಕ್ ಪರೀಕ್ಷೆಗೆ ಕೂತಾಗ ಅದೇ ಗಣಿತ ಬಾಗಿಲಲ್ಲಿ ನಿಂತಿರುತ್ತದೆ. ಉದ್ಯೋಗ ಬೇಡವೆನ್ನಿ, ಸಾಲ ಬೇಡವೆ? ಹತ್ತು ಸಾವಿರ ಸಾಲಕ್ಕೆ ಶೇಕಡಾ 12 ಬಡ್ಡಿ ಎನ್ನುತ್ತಾರೆ. ವರ್ಷದ 1,200 ರೂಪಾಯಿ ಬಡ್ಡಿಯನ್ನು ಮೊದಲೇ ಸೇರಿಸಿ ಹನ್ನೆರಡು ಕಂತು ಮಾಡಿದರೆ ತಿಂಗಳಿಗೆ 933 ರೂಪಾಯಿ ಚಿಲ್ಲರೆ. ಅಸಲು ತಿಂಗಳು ತಿಂಗಳೂ ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಹತ್ತು ಸಾವಿರಕ್ಕೇ. ಸರಿಯಾಗಿ ಲೆಕ್ಕ ಹಾಕಿದರೆ ನೀವು ಕೊಟ್ಟ ಬಡ್ಡಿ ಶೇಕಡಾ 21ಕ್ಕೂ ಮೇಲೆ. ಸಂಘದ ಸಾಲಕ್ಕೆ ಹೆಬ್ಬೆಟ್ಟಿನ ಬದಲು ಸಹಿ ಹಾಕಲು ಕಲಿತೆವು. ಸಹಿಯ ಮೇಲಿನ ಅಂಕಿಯನ್ನು ಓದಲು ಕಲಿಯಬೇಡವೆ?

ಅಮ್ಮಂದಿರೇ, "ನನಗೂ ಲೆಕ್ಕ ಬರ್ತಿರಲಿಲ್ಲ" ಎಂದು ಮಗಳ ಮುಂದೆ ಹೇಳುವ ಮೊದಲು ಒಂದು ಕ್ಷಣ ನಿಲ್ಲಿ. ಹಬ್ಬದ ದಿನ ಬಾಗಿಲಿಗೆ ಹದಿನೈದರಿಂದ ಎಂಟಕ್ಕೆ ಸಂದು ಚುಕ್ಕಿ ಇಟ್ಟು, ಒಂದು ಚುಕ್ಕಿಯೂ ತಪ್ಪದಂತೆ ರಂಗೋಲಿ ಎಳೆಯುವವರು ನೀವು. ನಾಲ್ಕು ಜನರ ಅಳತೆಯ ಸಾರನ್ನು ನಲವತ್ತು ಜನಕ್ಕೆ ಏರಿಸಿ ಉಪ್ಪು ಹೆಚ್ಚಾಗದಂತೆ ಇಳಿಸುವವರು ನೀವು. ಬ್ಲೌಸ್ ಪೀಸಿನಲ್ಲಿ ತೋಳಿಗೆ ಬಟ್ಟೆ ಸಾಲುತ್ತದೋ ಇಲ್ಲವೋ ಕಣ್ಣಳತೆಯಲ್ಲೇ ಹೇಳುವವರು, ಚೀಟಿ ಯಾವ ತಿಂಗಳು ಕೂಗಿದರೆ ಲಾಭ ಎಂದು ಬೆರಳು ಮಡಿಸುವವರು ನೀವು. ಇದೆಲ್ಲ ಗಣಿತ ಎಂದು ಯಾರೂ ನಿಮಗೆ ಹೇಳಲಿಲ್ಲ, ಅಷ್ಟೆ. ನಿಮಗೆ ಬರುವುದನ್ನು ಬರುವುದಿಲ್ಲ ಎಂದು ನಂಬಿಸಿದವರು ಯಾರೋ. ಅದೇ ಸುಳ್ಳನ್ನು ಮಗಳ ಮದುವೆಗೆ ಬಳುವಳಿಯಾಗಿ ಕೊಡುವುದು ಯಾಕೆ?

ಮಗಳು ಬಂದು "ನನಗೆ ಲೆಕ್ಕ ಬರೋದಿಲ್ಲಮ್ಮ" ಎಂದರೆ "ಹೋಗಲಿ ಬಿಡು" ಎನ್ನಬೇಡಿ. "ಎಲ್ಲಿಯವರೆಗೆ ಬಂತು? ಯಾವ ಸಾಲಿನಲ್ಲಿ ನಿಂತಿತು?" ಎಂದು ಕೇಳಿ. ನಿಮಗೆ ಉತ್ತರ ಗೊತ್ತಿರಬೇಕಾಗಿಲ್ಲ. ಆ ಪ್ರಶ್ನೆಗೆ ಅವಳು ಪುಸ್ತಕ ತೆಗೆದು ನೋಡಲೇಬೇಕು, ನೋಡಿದರೆ ಅರ್ಧ ದಾರಿ ಬಂದಿರುವುದು ಅವಳಿಗೇ ಕಾಣುತ್ತದೆ. ರಬ್ಬರು ಬಚ್ಚಿಡಿ, ತಪ್ಪಿದ್ದು ಪುಸ್ತಕದಲ್ಲಿ ಉಳಿಯಲಿ. ತಿಂಗಳ ದಿನಸಿಯ ಲೆಕ್ಕ, ಕರೆಂಟು ಬಿಲ್ಲು ಅವಳ ಕೈಗೆ ಕೊಡಿ, ಮಗನ ಕೈಗೂ ಕೊಡಿ. ಅವನು ಅಂಜಿದೆ ಎಂದರೆ ನಗಬೇಡಿ.

ಮುಂದಿನ ಸಲ ಮಾರ್ಕ್ಸ್ ಕಾರ್ಡು ಬಂದಾಗ ಮಕ್ಕಳಿಬ್ಬರಿಗೂ ಒಂದೇ ಮಾತು ಆಡಿ. ಬೈಯುವುದಾದರೆ ಇಬ್ಬರನ್ನೂ ಬೈಯಿರಿ, ಕೂರಿಸಿ ಓದಿಸುವುದಾದರೆ ಇಬ್ಬರನ್ನೂ ಕೂರಿಸಿ. ಪಾಪ ಎಂಬ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ನಿಮ್ಮ ಮಗಳು ಬಡಪಾಯಿಯಲ್ಲ, ಒಂದು ಲೆಕ್ಕದ ಮೂರನೆಯ ಸಾಲಿನಲ್ಲಿ ನಿಂತಿದ್ದಾಳೆ, ಅಷ್ಟೆ. ನಾಲ್ಕನೆಯ ಸಾಲು ಅವಳೇ ಬರೆಯುತ್ತಾಳೆ.